ಠಾಣೆಯಲ್ಲೇ ಬೇಲ್ ಯಾವುದಕ್ಕೆ, ಜೈಲು ಯಾವುದಕ್ಕೆ: ಈ ವಿಂಗಡಣೆ ಬಂದಿದ್ದು ಹೇಗೆ?

ಹೊಸ ಕ್ರಿಮಿನಲ್ ಕಾನೂನು ಬಂದ್ಮೇಲೆ ಕೊಲೆಯ ಸೆಕ್ಷನ್ 302 ಹೋಗಿ 103 ಆಯ್ತು, ವಂಚನೆಯ 420 ಹೋಗಿ 318 ಆಯ್ತು, ಈಗ ಎಫ್ಐಆರ್ ಕೈಗೆ ಬಂದ್ರೆ ಏನು ಕೇಸ್ ಹಾಕಿದಾರೆ ಅಂತಾನೇ ಎಷ್ಟೋ ಜನಕ್ಕೆ ಗೊತ್ತಾಗ್ತಿಲ್ಲ. ಆದ್ರೆ ನಂಬರ್‌ಗಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಪೊಲೀಸರು ವಾರಂಟ್ ಇಲ್ದೆ ಹಿಡೀಬಹುದಾ, ಠಾಣೆಯಲ್ಲೇ ಬೇಲ್ ಸಿಗುತ್ತಾ?

ಹಳೇ ಕಾನೂನು ಅಂದ್ರೆ ಐಪಿಸಿ, ಭಾರತೀಯ ದಂಡ ಸಂಹಿತೆ. ಬ್ರಿಟಿಷರ ಕಾಲದಲ್ಲಿ ಮೆಕಾಲೆ ಮುಂದಾಳತ್ವದ ಆಯೋಗ 1837ರಲ್ಲಿ ಅದರ ಕರಡು ಮಾಡ್ತು, 1860ರಲ್ಲಿ ಪಾಸಾಯ್ತು, 1862ರಲ್ಲಿ ಜಾರಿಗೆ ಬಂತು, ಆಮೇಲೆ ತಿದ್ದುಪಡಿ ಮೇಲೆ ತಿದ್ದುಪಡಿ ಮಾಡ್ಕೊಂಡು 2024ರ ಜೂನ್‌ವರೆಗೂ ಅದೇ ನಡೀತು. ಯಾವ ತಪ್ಪಿಗೆ ಎಷ್ಟು ಶಿಕ್ಷೆ ಅಂತ ಐಪಿಸಿ ಹೇಳ್ತಿತ್ತು. ಬಂಧನ, ಬೇಲ್ ಎಲ್ಲ ಸಿಆರ್‌ಪಿಸಿ, ಅಂದ್ರೆ ದಂಡ ಪ್ರಕ್ರಿಯಾ ಸಂಹಿತೆಯ ಕೆಲಸ ಆಗಿತ್ತು.

1974ರ ಏಪ್ರಿಲ್ 1ಕ್ಕೆ ಜಾರಿಯಾದ ಸಿಆರ್‌ಪಿಸಿ ಕೊನೇಲಿ ಮೊದಲ ಅನುಸೂಚಿ ಅಂತ ಉದ್ದದ ಒಂದು ಪಟ್ಟಿ ಇತ್ತು. ಪ್ರತಿ ಸೆಕ್ಷನ್ನಿಗೂ ಒಂದು ಸಾಲು, ಅದರಲ್ಲಿ ಶಿಕ್ಷೆ ಎಷ್ಟು, ಕಾಗ್ನಿಜಬಲ್ಲೋ (ವಾರಂಟ್ ಇಲ್ದೆ ಹಿಡೀಬಹುದಾದ್ದು) ಅಲ್ವೋ, ಬೇಲಬಲ್ಲೋ ಅಲ್ವೋ, ಯಾವ ಕೋರ್ಟು. ನಾನ್ ಕಾಗ್ನಿಜಬಲ್ ಆದ್ರೆ ಕೋರ್ಟ್ ಅನುಮತಿ ಇಲ್ದೆ ತನಿಖೆನೇ ಇಲ್ಲ, ಎನ್‌ಸಿಆರ್ (ನಾನ್ ಕಾಗ್ನಿಜಬಲ್ ರಿಪೋರ್ಟ್) ಬರ್ಕೊಂಡು ಕಳಿಸ್ತಾರೆ. ಬೇಲಬಲ್ ಆದ್ರೆ ಬೇಲ್ ನಿಮ್ಮ ಹಕ್ಕು, ನಾನ್ ಬೇಲಬಲ್ ಆದ್ರೆ ಸಾಮಾನ್ಯವಾಗಿ ಜಡ್ಜ್ ಮನಸ್ಸು ಮಾಡ್ಬೇಕು.

ಇಬ್ಬರು ಹೊಡೆದಾಡ್ಕೊಂಡ್ರು ಅಂದ್ಕೊಳ್ಳಿ. ಬರೀ ಊದಿದ್ರೆ ಒಂದು ವರ್ಷದವರೆಗಿನ ಶಿಕ್ಷೆ, ನಾನ್ ಕಾಗ್ನಿಜಬಲ್. ಒಂದು ಹಲ್ಲು ಮುರೀತು ಅಂದ್ರೆ ಏಳು ವರ್ಷದವರೆಗೆ, ಪೊಲೀಸರು ನೇರವಾಗಿ ಎಫ್ಐಆರ್ ಹಾಕ್ಬಹುದು. ಹಾಗಾಗಿ ಡಾಕ್ಟರ್ ವುಂಡ್ ಸರ್ಟಿಫಿಕೇಟ್‌ನಲ್ಲಿ ಸಿಂಪಲ್ ಅಂತ ಬರೀತಾರೋ ಗ್ರೀವಿಯಸ್ ಅಂತ ಬರೀತಾರೋ ಅನ್ನೋದ್ರ ಮೇಲೆ ಇಡೀ ಕೇಸ್ ತಿರುಗುತ್ತೆ.

ಇದಾದ್ರೂ ಒಪ್ಕೋಬಹುದು, ಪೆಟ್ಟು ದೊಡ್ಡದು ಶಿಕ್ಷೆ ದೊಡ್ಡದು. ಆದ್ರೆ ಕಳವು ನಾನ್ ಬೇಲಬಲ್ ಆಗಿತ್ತು, ಅಜಾಗರೂಕತೆಯಿಂದ ಗಾಡಿ ಓಡಿಸಿ ಒಬ್ಬರ ಜೀವ ತೆಗೆದ್ರೆ ಬೇಲಬಲ್, ಗರಿಷ್ಠ ಎರಡೇ ವರ್ಷ. ಬೇಕಂತ ಮಾಡಿದ್ದು, ಅರಿವಿಲ್ದೆ ಆಗಿದ್ದು ಅನ್ನೋ ವ್ಯತ್ಯಾಸ ಕಾನೂನಿಗೆ ಮುಖ್ಯ, ನಿಜ, ಆದ್ರೂ ಒಂದು ಪರ್ಸ್ ಕದ್ದು ಶೂರಿಟಿ ಕೊಡೋರಿಲ್ದೆ ತಿಂಗಳುಗಟ್ಟಲೆ ಒಳಗೆ ಕೂರೋದು ವಿಚಾರಣೆಗೆ ಮುಂಚೆನೇ ಶಿಕ್ಷೆ ಆದಂಗೆ, ಇದನ್ನ ಇಷ್ಟು ದಶಕ ಯಾಕೆ ಸಹಿಸ್ಕೊಂಡ್ವಿ ಅಂತ ಕೇಳ್ಲೇಬೇಕು.

ಮಧ್ಯದಲ್ಲಿ ಸ್ವಲ್ಪ ಗಾಳಿ ಬಂತು. 2010ರಲ್ಲಿ ಜಾರಿಯಾದ ತಿದ್ದುಪಡಿ ಪ್ರಕಾರ ಏಳು ವರ್ಷದವರೆಗಿನ ಶಿಕ್ಷೆ ಇರೋ ಕೇಸಲ್ಲಿ ಕಾರಣ ಬರೀದೆ ಬಂಧಿಸೋ ಹಾಗಿಲ್ಲ, ನೋಟಿಸ್ ಕೊಟ್ಟು ಕರೀಬೇಕು. ಕಾಗದದ ಮೇಲೆ ಇದ್ದಿದ್ದು ಠಾಣೆವರೆಗೆ ತಲುಪಲಿಲ್ಲ, 2014ರಲ್ಲಿ ಅರ್ನೇಶ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳ್ಬೇಕಾಯ್ತು.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಿಎನ್ಎಸ್ (ಭಾರತೀಯ ನ್ಯಾಯ ಸಂಹಿತೆ), ಸಿಆರ್‌ಪಿಸಿ ಜಾಗಕ್ಕೆ ಬಿಎನ್ಎಸ್ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದ್ವು. ಪಟ್ಟಿ ಹಾಗೇ ಉಳೀತು, ಕೆಲವು ಸಾಲು ಬದಲಾದ್ವು. ಅಜಾಗರೂಕತೆಯ ಸಾವಿಗೆ ಈಗ ಐದು ವರ್ಷದವರೆಗೆ, ಬೇಲಬಲ್ಲೇ. ಗುದ್ದಿ ಓಡಿಹೋದ್ರೆ ಹತ್ತು ವರ್ಷ ಅನ್ನೋ ಭಾಗಕ್ಕೆ ಲಾರಿ ಡ್ರೈವರ್‌ಗಳು ರಸ್ತೆಗಿಳಿದ್ರು, ಹಾಗಾಗಿ ಉಳಿದದ್ದರ ಜೊತೆ ಅದು ಜಾರಿಗೆ ಬರಲಿಲ್ಲ. 5,000 ರೂಪಾಯಿಗಿಂತ ಕಮ್ಮಿ ಮಾಲು ಕದ್ದು ವಾಪಸ್ ಕೊಟ್ರೆ, ಮೊದಲ ಸಲದ ತಪ್ಪಿಗೆ ಸಮುದಾಯ ಸೇವೆ. ಇದು ನಿಜಕ್ಕೂ ಒಳ್ಳೇ ಹೆಜ್ಜೆ. ಆದ್ರೆ ಅಂಥ ಕಳವು ನಾನ್ ಕಾಗ್ನಿಜಬಲ್ ಪಟ್ಟಿಗೆ ಹೋಗಿದೆ, ಹಳೇ ಮೊಬೈಲ್ ಕಳ್ಕೊಂಡೋರು ಠಾಣೆಗೆ ಹೋದ್ರೆ ಎನ್‌ಸಿಆರ್ ಚೀಟಿ ಹಿಡ್ಕೊಂಡು ಬರ್ಬೇಕಾಗ್ಬಹುದು.

ಮೊದಲ ಸಲ ಸಿಕ್ಕಿಬಿದ್ದೋರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣಾಧೀನರಾಗಿ ಕಳೆದ್ರೆ ಬಿಡ್ಬೇಕು ಅಂತ ಬಿಎನ್ಎಸ್ಎಸ್ ಸೆಕ್ಷನ್ 479 ಹೇಳುತ್ತೆ, ಮರಣದಂಡನೆ, ಜೀವಾವಧಿ ಕೇಸಿಗೆ ಅನ್ವಯ ಆಗಲ್ಲ. ಅದರ ಕೆಳಗೇ ಇನ್ನೊಂದು ಮಾತಿದೆ: ಒಬ್ಬರ ಮೇಲೆ ಒಂದಕ್ಕಿಂತ ಹೆಚ್ಚು ಕೇಸ್ ಬಾಕಿ ಇದ್ರೆ ಈ ಅನುಕೂಲ ಇಲ್ಲ. ಒಂದೇ ಸಲಕ್ಕೆ ಮೂರ್ನಾಲ್ಕು ಸಣ್ಣ ಕಳವಿನ ಕೇಸ್ ಹಾಕಿಸ್ಕೊಂಡು ವಕೀಲರಿಗೆ ದುಡ್ಡಿಲ್ದೆ ಒಳಗಿರೋರು ಈಗಲೂ ಅಲ್ಲೇ ಸಿಕ್ಕಾಕೊಳ್ತಾರೆ.