ಕಪ್ಪಗಿದ್ದರೆಲ್ಲ ಸಾವಯವ ಬೆಲ್ಲವಲ್ಲ

ಮೈಸೂರಿನ ಅಂಗಡಿಗಳಲ್ಲಿ ಈಗ 'ಕಪ್ಪು ಬೆಲ್ಲ ಕೊಡಿ, ಅದೇ ಆರ್ಗ್ಯಾನಿಕ್' ಎಂದು ಕೇಳಿ ಕೊಳ್ಳುವವರು ಹೆಚ್ಚು. ಮೊದಲು ಇದೇ ಮನೆಗಳಿಗೆ ಹೊಂಬಣ್ಣದ ಅಚ್ಚು ಬೆಲ್ಲವೇ ಆಗಬೇಕಿತ್ತು. ಮಂಡಿಯಲ್ಲೂ ಬಣ್ಣಕ್ಕೇ ರೇಟು. ಹಾಗಾಗಿ ಆಲೆಮನೆಯವರು ಕೊಪ್ಪರಿಗೆಗೆ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಎರಚುವುದನ್ನು ಕಲಿತರು. ಇನ್ನು ಕಪ್ಪಿಗೇ ರೇಟು ಬಂದರೆ ಕಪ್ಪು ಮಾಡುವುದೇನೂ ಕಷ್ಟವಲ್ಲ: ಸುಣ್ಣ ಒಂದಿಷ್ಟು ಜಾಸ್ತಿ ಹಾಕಿ, ಪಾಕವನ್ನು ಸ್ವಲ್ಪ ಸೀಯಿಸಿದರೆ ಆಯಿತು.

ಬೆಲ್ಲದ ಕಂದು ಬಣ್ಣಕ್ಕೆ ಹಲವು ಮೂಲಗಳಿವೆ. ಕಬ್ಬಿನ ಹಾಲಿನ ಪಾಲಿಫಿನಾಲ್‌ಗಳು ಗಾಳಿಗೆ ಸಿಕ್ಕಿ, ಗಾಣದ ಕಬ್ಬಿಣಕ್ಕೆ ತಾಗಿ ಕಪ್ಪಾಗುತ್ತವೆ. ಹಾಲಿನಲ್ಲಿರುವ ಅಮೈನೋ ಆಮ್ಲಗಳು ಗ್ಲೂಕೋಸ್, ಫ್ರಕ್ಟೋಸ್ ಜತೆ ಬಿಸಿಯಲ್ಲಿ ಸೇರಿ ಕಂದು ಬಣ್ಣ ಕಟ್ಟುತ್ತವೆ. ಉರಿ ಮಿತಿಮೀರಿದರೆ ಸಕ್ಕರೆ ತಾನೇ ಸೀಯುತ್ತದೆ. ಇವುಗಳಲ್ಲಿ ಎರಡನೆಯದರ ಬೇರು ಹೊಲದಲ್ಲಿದೆ. ಕಬ್ಬಿಗೆ ಯೂರಿಯಾ ವಿಪರೀತ ಸುರಿದರೆ, ಅದರಲ್ಲೂ ಬುಡಕ್ಕೆ ಮಣ್ಣೇರಿಸಿದ ಮೇಲೂ ಹಾಕುತ್ತಲೇ ಹೋದರೆ, ಹಾಲಿನಲ್ಲಿ ಸಾರಜನಕದ ಅಂಶ ಏರುತ್ತದೆ, ಕಬ್ಬು ಮಾಗುವುದು ತಡವಾಗುತ್ತದೆ, ಬೆಲ್ಲ ಕಪ್ಪಾಗಿ ಮೆತ್ತಗಾಗುತ್ತದೆ. ಅಂದರೆ ರಾಸಾಯನಿಕ ಗೊಬ್ಬರದ ಕಬ್ಬಿನಿಂದಲೇ ಕಡುಕಪ್ಪು ಬೆಲ್ಲ ಬರಬಹುದು. ಕೊಟ್ಟಿಗೆ ಗೊಬ್ಬರದಲ್ಲಿ ಹದವಾಗಿ ಬೆಳೆದ ಕಬ್ಬು ತಿಳಿ ಕಂದು ಬೆಲ್ಲ ಕೊಡಬಹುದು. ಜನ ನಂಬಿರುವುದಕ್ಕೆ ಪೂರಾ ಉಲ್ಟಾ!

ಆಲೆಮನೆಯಲ್ಲಿ ಮಾಡಬೇಕಾದ ಕೆಲಸ ಇಷ್ಟು. ಕಡಿದ ಕಬ್ಬು 24 ಗಂಟೆಯೊಳಗೆ ಗಾಣಕ್ಕೆ ಬರಬೇಕು. ಎಳೆಯ ತುದಿಯನ್ನು ಧಾರಾಳವಾಗಿ ಸವರಿ ಬಿಡಬೇಕು, ಯಾಕೆಂದರೆ ಬೆಲ್ಲ ಕಟ್ಟದ ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚಾಗಿರುವುದು ಅಲ್ಲೇ. ಗಾಳಿಗೆ ಬಿದ್ದು ನೆಲ ಹಿಡಿದ ಕಬ್ಬನ್ನು ಬೇರೆ ಇಡಬೇಕು. ಒಂದು ಟನ್ ಕಬ್ಬಿಗೆ ಸುಮಾರು 600 ಕೆಜಿ ಹಾಲು, ಅದರಿಂದ 100 ಕೆಜಿ ಆಸುಪಾಸು ಬೆಲ್ಲ. ಹಸಿ ಹಾಲು ಸ್ವಲ್ಪ ಹುಳಿ, ಪಿಎಚ್ 5.2ರ ಹತ್ತಿರ. ಹಾಗೇ ಕಾಯಿಸಿದರೆ ಹುಳಿಗೂ ಬಿಸಿಗೂ ಬೆಲ್ಲ ಕಟ್ಟುವ ಸಕ್ಕರೆಯಾದ ಸುಕ್ರೋಸ್ ಒಡೆದು ಬೆಲ್ಲ ಜಿನುಗುತ್ತದೆ. ಸುಣ್ಣದ ತಿಳಿನೀರು ಹಾಕುವುದು ಅದಕ್ಕೇ, 6.2-6.4ಕ್ಕೆ ತಂದರೆ ಸಾಕು. ಇನ್ನೂ ಏರಿಸಿದರೆ ಗ್ಲೂಕೋಸ್ ಕೆಟ್ಟು ಬೆಲ್ಲ ಕಪ್ಪಾಗುತ್ತದೆ.

ಆಮೇಲೆ ಬೆಂಡೆ. ಹಸಿ ಬೆಂಡೆ ಗಿಡದ ಕಾಂಡವನ್ನು ಜಜ್ಜಿ, ನೀರಿನಲ್ಲಿ ನೆನೆಸಿ ಕಿವುಚಿದರೆ ಬರುವ ಲೋಳೆಯನ್ನು ಹಾಲು ಕುದಿ ಹತ್ತುವ ಮುಂಚೆ ಸುರಿಯುತ್ತಾರೆ. ಬಿಸಿ ಏರುತ್ತಿದ್ದಂತೆ ಆ ಲೋಳೆ ಹಾಲಿನಲ್ಲಿ ತೇಲಾಡುವ ಪ್ರೋಟೀನ್, ಮೇಣ, ಮಣ್ಣಿನ ಕಣಗಳನ್ನು ಹಿಡಿದುಕೊಂಡು ಮಡ್ಡಿಯಾಗಿ ಮೇಲೆ ಬರುತ್ತದೆ. ಅದನ್ನು ಕುದಿ ಜೋರಾಗುವ ಮುಂಚೆ ಜಾಲರಿಯಿಂದ ಬಾಚಿ ತೆಗೆಯಬೇಕು. ಕುದಿ ಬಂದರೆ ಮಡ್ಡಿ ಒಡೆದು ಮತ್ತೆ ಹಾಲಿಗೇ ಬೆರೆಯುತ್ತದೆ. ಆತುರಗಾರರ ಕೊಪ್ಪರಿಗೆ ಕೆಡುವುದು ಈ ಹಂತದಲ್ಲೇ. ಪಾಕ 118-120 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟರೆ ಉಂಡೆ ಕಟ್ಟುತ್ತದೆ. ಇಳಿಸುವ ಹೊತ್ತು ಅದು.

ಬೆಂಡೆ ಕೊಳೆಯನ್ನು ಹೊರಗೆ ತೆಗೆಯುತ್ತದೆ. ಹೈಡ್ರೋಸ್ ಏನನ್ನೂ ತೆಗೆಯುವುದಿಲ್ಲ, ವ್ಯತ್ಯಾಸವಿರುವುದೇ ಅಲ್ಲಿ. ಅದು ಸೋಡಿಯಂ ಡೈಥಯೋನೈಟ್, ಬಟ್ಟೆ ಕಾರ್ಖಾನೆಯ ಸರಕು. ನೀಲಿ ಬಣ್ಣ, ಅಂದರೆ ಇಂಡಿಗೊ, ನೀರಿನಲ್ಲಿ ಕರಗುವುದಿಲ್ಲ. ಡೈಥಯೋನೈಟ್ ಅದಕ್ಕೆ ಎಲೆಕ್ಟ್ರಾನ್‌ಗಳನ್ನು ಕೊಟ್ಟು, ಕ್ಷಾರದ ನೀರಿನಲ್ಲಿ ಕರಗುವ ಹಳದಿ ರೂಪಕ್ಕೆ ತರುತ್ತದೆ. ಆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಗಾಳಿಗೆ ಹಿಡಿದರೆ ಆಮ್ಲಜನಕ ಆ ಎಲೆಕ್ಟ್ರಾನ್‌ಗಳನ್ನು ಕಿತ್ತುಕೊಳ್ಳುತ್ತದೆ, ಬಟ್ಟೆ ಕಣ್ಣೆದುರೇ ನೀಲಿಯಾಗುತ್ತದೆ. ಕೊಪ್ಪರಿಗೆಯಲ್ಲಿ ನಡೆಯುವುದೂ ಅದೇ ಆಟ. ಕಂದು ಅಣುಗಳು ಅಲ್ಲೇ ಇರುತ್ತವೆ, ಎಲೆಕ್ಟ್ರಾನ್ ಪಡೆದು ಬಣ್ಣ ಕಳೆದುಕೊಂಡಿರುತ್ತವೆ ಅಷ್ಟೆ. ಗೋಡೆಯ ಪಾಚಿ ಕೆರೆಯದೆ ಮೇಲೆ ಸುಣ್ಣ ಬಳಿದ ಹಾಗೆ. ಹೊಳೆಯುತ್ತಿದ್ದ ಬೆಲ್ಲ ಕೆಲವು ವಾರಗಳಲ್ಲಿ ಡಬ್ಬದಲ್ಲೇ ಕಪ್ಪಡರುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ಹೈಡ್ರೋಸ್ ಬೆಲ್ಲವನ್ನು ವಿಷವೆಂದು ಕಿರುಚುವುದೂ ತಪ್ಪು. ಲೆಕ್ಕ ಹಾಕೋಣ. ಹೈಡ್ರೋಸ್‌ನಲ್ಲಿರುವ ಗಂಧಕ ಬೆಲ್ಲದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುವುದು ಸಲ್ಫರ್ ಡೈಆಕ್ಸೈಡ್ ಲೆಕ್ಕದಲ್ಲಿ. ನಮ್ಮ ಆಹಾರ ಸುರಕ್ಷತಾ ನಿಯಮದಂತೆ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಕೆಜಿಗೆ 70 ಮಿಲಿಗ್ರಾಂ ಮೀರಬಾರದು. ದಿನಾ ತಿಂದರೂ ಅಡ್ಡಿಯಿಲ್ಲವೆಂದು ಅಂತರರಾಷ್ಟ್ರೀಯ ತಜ್ಞ ಸಮಿತಿ ಹೇಳಿರುವ ಪ್ರಮಾಣ ದೇಹತೂಕದ ಕೆಜಿಗೆ 0.7 ಮಿಲಿಗ್ರಾಂ. 50 ಕೆಜಿ ತೂಕದವರಿಗೆ 35 ಮಿಲಿಗ್ರಾಂ. ಮಿತಿಯೊಳಗಿನ ಬೆಲ್ಲವಾದರೆ ಅಷ್ಟಾಗಲು ದಿನಕ್ಕೆ ಅರ್ಧ ಕೆಜಿ ತಿನ್ನಬೇಕು. ಆಸ್ತಮಾ ಇರುವ ಕೆಲವರಿಗೆ ಮಾತ್ರ ಇದಕ್ಕಿಂತ ಕಡಿಮೆಯಲ್ಲೂ ಉಸಿರು ಕಟ್ಟಬಹುದು.

ಗೋಳಿರುವುದು ಅಳತೆಯಲ್ಲಿ. 100 ಕೆಜಿ ಬೆಲ್ಲಕ್ಕೆ ಕಾನೂನು ಒಪ್ಪುವುದು 7 ಗ್ರಾಂ ಸಲ್ಫರ್ ಡೈಆಕ್ಸೈಡ್. ಹಾಕಿದ ಗಂಧಕವೆಲ್ಲ ಉಳಿದುಕೊಂಡರೆ 10 ಗ್ರಾಂ ಹೈಡ್ರೋಸ್‌ಗೇ ಆ ಮಿತಿ ಮುಟ್ಟುತ್ತದೆ. ಕೊಪ್ಪರಿಗೆಗೆ ಬೀಳುವುದು ಚಿಟಿಕೆಯಲ್ಲ, ಹಿಡಿ. ಕುದಿಯುವಾಗ ಬಹಳಷ್ಟು ಹಾರಿಹೋಗುತ್ತದೆ, ಸರಿ. ಆದರೆ ಪಾಕ ಗಟ್ಟಿಯಾಗುವ ಹೊತ್ತಿಗೆ, ಬಣ್ಣ ಸಾಲದೆಂದು ಇನ್ನೊಂದು ಹಿಡಿ ಎರಚಿದರೆ ಹಾರಲು ಹೊತ್ತೆಲ್ಲಿದೆ?

ಇದನ್ನು ಮನೆಯಲ್ಲಿ ಪತ್ತೆ ಮಾಡಲು ಆಗುವುದಿಲ್ಲ. ಲೋಟದ ನೀರಿಗೆ 10 ಗ್ರಾಂ ಬೆಲ್ಲ ಹಾಕಿ ಕರಗಿಸಿದರೆ ಸೀಮೆಸುಣ್ಣದ ಪುಡಿ ತಳದಲ್ಲಿ ಕಾಣಬಹುದು; ಹೈಡ್ರೋಸ್ ಕರಗಿಯೇ ಹೋಗುತ್ತದೆ, ಸಕ್ಕರೆ ಬೆರೆಸಿದ್ದರೂ ಅಷ್ಟೆ. ಪೊಟ್ಟಣದ ಮೇಲೆ 'ಜೈವಿಕ್ ಭಾರತ್'ನಂಥ ಸಾವಯವ ಪ್ರಮಾಣೀಕರಣದ ಸರ್ಕಾರಿ ಗುರುತು ಇದ್ದರೆ ಹೊಲಕ್ಕೂ ಕೊಪ್ಪರಿಗೆಗೂ ಒಂದು ದಾಖಲೆಯಿದೆ ಎಂದರ್ಥ. ಬಿಡಿ ಬೆಲ್ಲಕ್ಕೆ ಅದಿಲ್ಲ. ಸಾವಯವ ಕಬ್ಬೇ ಆದರೂ ಬಾಡಿಗೆ ಆಲೆಮನೆಯಲ್ಲಿ ಅರೆಸಿದ್ದರೆ ಕೊಪ್ಪರಿಗೆಗೆ ಏನು ಬಿತ್ತೆಂದು ಬೆಳೆದವನಿಗೂ ತಿಳಿದಿರಲಿಕ್ಕಿಲ್ಲ. ಮಂಡ್ಯ, ಪಾಂಡವಪುರದ ಕಡೆ ಹೋದಾಗ ಆಲೆಮನೆಯವರನ್ನು 'ಸಾವಯವವಾ?' ಎಂದು ಕೇಳಿದರೆ ಹೂಂ ಎಂದೇ ಅನ್ನುತ್ತಾರೆ. 'ಮಡ್ಡಿ ತೆಗೆಯೋಕೆ ಏನು ಹಾಕ್ತೀರಿ, ಬೆಂಡೆ ಎಲ್ಲಿಂದ ತರ್ತೀರಿ?' ಎಂದು ಕೇಳಿ, ಒಂದು ಕೊಪ್ಪರಿಗೆ ಇಳಿಯುವವರೆಗೂ ಅಲ್ಲೇ ನಿಲ್ಲಿ.