ಮಿಮಿ ಜಿ ಯಿನ್: ರಾಜ್ಯ ಕೆಡಿಸುವ ನಾದ

ಚೀನೀ ಭಾಷೆಯಲ್ಲಿ ಹಾಡನ್ನು ಬೈಯಲೆಂದೇ ಹುಟ್ಟಿದ ನುಡಿಗಟ್ಟೊಂದಿದೆ: ‘ಮಿಮಿ ಜಿ ಯಿನ್’. ‘ಯಿನ್’ ಎಂದರೆ ನಾದ. ‘ಜಿ’ ನಮ್ಮ ಷಷ್ಠಿ ವಿಭಕ್ತಿಯ ಕೆಲಸವನ್ನು ಮಾಡುವ ಅಕ್ಷರ. ಬೈಗುಳವಿರುವುದು ‘ಮಿ’ಯಲ್ಲಿ. ಗಾಳಿ ಬೀಸಿದಾಗ ಹುಲ್ಲು ಒರಗುತ್ತದಲ್ಲ, ಆ ಒರಗುವಿಕೆ ಅದು. ಅದನ್ನೇ ಎರಡು ಸಲ ಹೇಳಿದರೆ, ಕೇಳುವವನ ಬೆನ್ನೆಲುಬನ್ನು ಕಳಚಿಹಾಕುವಂಥ ನಾದ ಎಂಬ ಧ್ವನಿ ಬರುತ್ತದೆ. ‘ಅವನತಿಯ ಸಂಗೀತ’ ಎಂದು ಅನುವಾದಿಸಬಹುದು. ನನಗೆ ‘ಜೋಲು ನಾದ’ ವಾಸಿ ಎನಿಸುತ್ತದೆ.

ಕ್ರಿ.ಪೂ. 3ನೆಯ ಶತಮಾನದ ‘ಹಾನ್ ಫೇಜಿ’ ಗ್ರಂಥದಲ್ಲಿ ಇದರ ಕಥೆಯಿದೆ. ವೇಯ್ ಸಂಸ್ಥಾನದ ದೊರೆ ಪ್ರಯಾಣದ ನಡುವೆ ಪು ನದಿಯ ದಡದಲ್ಲಿ ಬಿಡಾರ ಹೂಡುತ್ತಾನೆ. ನಡುರಾತ್ರಿ ಎಲ್ಲಿಂದಲೋ ಹೊಸ ಬಗೆಯ ಸಂಗೀತ ಕೇಳಿಸುತ್ತದೆ. ಅದನ್ನು ತನ್ನ ವಾದಕನಿಗೆ ಕಲಿಯಹೇಳಿ, ಜಿನ್ ಸಂಸ್ಥಾನದ ದೊರೆಯ ಮುಂದೆ ನುಡಿಸಹೇಳುತ್ತಾನೆ. ಅಲ್ಲಿನ ಸಂಗೀತ ವಿದ್ವಾಂಸ ಕ್ವಾಂಗ್ ತಟ್ಟನೆ ತಡೆಯುತ್ತಾನೆ: ಇದು ಷಾಂಗ್ ವಂಶದ ಕೊನೆಯ ದೊರೆಗಾಗಿ ಕಟ್ಟಿದ ಸಂಗೀತ, ರಾಜ್ಯ ಬಿದ್ದಾಗ ಕಟ್ಟಿದವನು ಪು ನದಿಗೆ ಹಾರಿ ಸತ್ತ, ಇದನ್ನು ಕೇಳಿದವನ ರಾಜ್ಯ ಕುಗ್ಗುತ್ತದೆ. ಜಿನ್ ದೊರೆಯ ಉತ್ತರ ನನಗೆ ಬಲು ಇಷ್ಟ. ತನಗೆ ಸಂಗೀತವೆಂದರೆ ಪ್ರಾಣ, ಪೂರ್ತಿ ನುಡಿಸಲಿ ಎನ್ನುತ್ತಾನೆ! ಮುಂದೆ ಅವನ ನಾಡಿಗೆ ಮೂರು ವರ್ಷ ಬರ.

ಎರಡು ಸಾವಿರ ವರ್ಷಗಳ ಬಳಿಕ ಈ ಹಳೆಯ ಬೈಗುಳ ಷಾಂಘೈಯ ಗ್ರಾಮಫೋನ್ ತಟ್ಟೆಗಳ ಮೇಲೆ ಬಿತ್ತು. ಗುರಿಯಾದವನು ಲಿ ಜಿನ್‌ಹುಯಿ. ಚೀನಾದ ಆಧುನಿಕ ಜನಪ್ರಿಯ ಗೀತೆ ಇವನಿಂದ ಶುರುವಾಯಿತು ಎನ್ನುವುದು ವಾಡಿಕೆ. ಆದರೆ ಇವನು ಹೊರಟದ್ದು ಹಾಡು ಮಾರಲಿಕ್ಕಲ್ಲ, ಭಾಷೆ ಕಲಿಸಲಿಕ್ಕೆ. ಒಂದು ಸೀಮೆಯ ಮಾತು ಇನ್ನೊಂದು ಸೀಮೆಗೆ ತಿಳಿಯದ ದೇಶಕ್ಕೆ ಒಂದು ಸಾಮಾನ್ಯ ನುಡಿ ಬೇಕು ಎಂಬ ಚಳವಳಿಯಲ್ಲಿ ಅವನಿದ್ದ. ಅಣ್ಣ ಲಿ ಜಿನ್‌ಷಿ ಭಾಷಾವಿಜ್ಞಾನಿ. ಮಕ್ಕಳು ಹಾಡುತ್ತ ‘ಗುವೊಯು’, ಅಂದರೆ ರಾಷ್ಟ್ರಭಾಷೆ ಕಲಿಯಲಿ ಎಂದು ಜಿನ್‌ಹುಯಿ ಸಂಗೀತ ನಾಟಕಗಳನ್ನು ಬರೆದ. ಆಮೇಲೆ 1927ರ ಸುಮಾರಿಗೆ ಜಾಜ್ ವಾದ್ಯಗಳಿಗೆ ಜಾನಪದ ಧಾಟಿಯನ್ನು ಬೆಸೆದು ‘ಮಾವೊಮಾವೊ ಯು’ (ತುಂತುರು ಮಳೆ) ಎಂಬ ಪ್ರೇಮಗೀತೆಯನ್ನು ಕಟ್ಟಿದ, ಹಾಡಿದವಳು ಮಗಳು. ಲೇಖಕ ಲು ಷುನ್‌ಗೆ ಆ ದನಿ ಕತ್ತು ಹಿಸುಕಿದ ಬೆಕ್ಕಿನದರಂತೆ ಕೇಳಿಸಿತಂತೆ.

ಲಿ ಜಿನ್‌ಹುಯಿಯ ಸಂಗೀತ ತಂಡದಲ್ಲೇ ಪಿಟೀಲು ನುಡಿಸುತ್ತಿದ್ದ ತರುಣ ನಿಯೆ ಅರ್ 1932ರಲ್ಲಿ ಗುರುವಿನ ವಿರುದ್ಧ ಗುಪ್ತನಾಮದಲ್ಲಿ ಬರೆದು ಹೊರನಡೆದ. 1935ರಲ್ಲಿ ಅವನು ರಾಗ ಹಾಕಿದ ನಡೆಗೀತೆ ಇಂದು ಚೀನಾದ ರಾಷ್ಟ್ರಗೀತೆ. ಅದು ಮೂಲದಲ್ಲಿ ಸಿನಿಮಾ ಹಾಡು, ಷಾಂಘೈಯ ಮನರಂಜನೆಯ ಪೇಟೆಯಲ್ಲೇ ಹುಟ್ಟಿದ್ದು ಎಂಬುದನ್ನು ಬೈಯುವವರು ಮರೆಯುತ್ತಾರೆ.

1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ನಂತರ ಇಂಥ ಹಾಡುಗಳಿಗೆ ‘ಹಳದಿ ಸಂಗೀತ’ ಎಂಬ ಹೆಸರು ಗಟ್ಟಿಯಾಯಿತು. (ನಮ್ಮ ‘ನೀಲಿ ಚಿತ್ರ’ದಲ್ಲಿ ನೀಲಿಗೆ ಬಂದ ಅಪಖ್ಯಾತಿ ಅಲ್ಲಿ ಹಳದಿಗೆ.) ಲಿ 1967ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ನಡುವೆ ತೀರಿಕೊಂಡ.

1978ರಲ್ಲಿ ಚೀನಾದ ನಾಯಕ ದೆಂಗ್ ಷಿಯಾವೊಪಿಂಗ್ ಹೊರಜಗತ್ತಿಗೆ ಬಾಗಿಲು ತೆರೆದಾಗ ಒಳಬಂದ ಮೊದಲ ಸರಕುಗಳಲ್ಲಿ ಕ್ಯಾಸೆಟ್ ಒಂದು. ಹಾಂಗ್‌ಕಾಂಗ್‌ನ ನೆಂಟರು ತಂದ ಟೇಪ್ ರೆಕಾರ್ಡರಿಗೆ ಜನ ಇಟ್ಟ ಅಡ್ಡಹೆಸರು ‘ಇಟ್ಟಿಗೆ’. ಅದರೊಳಗೆ ತೈವಾನಿನ ಗಾಯಕಿ ದೆಂಗ್ ಲಿಜುನ್, ಅಂದರೆ ತೆರೆಸಾ ತೆಂಗ್. ಇಬ್ಬರದೂ ಒಂದೇ ಮನೆತನದ ಹೆಸರು. ಹಾಗಾಗಿ ‘ಹಗಲು ಹಿರಿಯ ದೆಂಗ್, ಇರುಳು ಕಿರಿಯ ದೆಂಗ್’ ಎಂಬ ಮಾತು ಹುಟ್ಟಿತು. ಆಕೆ ಚೀನಾದ ಮುಖ್ಯ ಭೂಮಿಗೆ ಒಮ್ಮೆಯೂ ಕಾಲಿಡಲಿಲ್ಲ. ಆದರೂ ಒಂದೊಂದು ಪದವೂ ಅಲ್ಲಿನವರಿಗೆ ತಿಳಿಯುತ್ತಿತ್ತು, ಏಕೆಂದರೆ ಆಕೆ ಹಾಡಿದ್ದು ಲಿ ಮಕ್ಕಳಿಗೆ ಕಲಿಸಹೊರಟಿದ್ದ ಅದೇ ಸಾಮಾನ್ಯ ನುಡಿಯಲ್ಲಿ.

1982ರಲ್ಲಿ ಬೀಜಿಂಗ್‌ನಲ್ಲಿ ಹಳದಿ ಹಾಡುಗಳನ್ನು ಗುರುತಿಸುವುದು ಹೇಗೆಂಬ ಕೈಪಿಡಿಯೇ ಅಚ್ಚಾಯಿತು. ಸಂಗೀತದ ಕಾವಲುಗಾರರ ಕಿವಿಗೆ ಚುಚ್ಚಿದ್ದು ಮುಖ್ಯವಾಗಿ ‘ಛಿಷೆಂಗ್’: ಉಸಿರು ಬೆರೆಸಿ, ಮೈಕಿಗೆ ತುಟಿ ತಾಗುವಷ್ಟು ಹತ್ತಿರದಿಂದ ಹಾಡುವ ಬಗೆ. ಮೈದಾನದ ಕೊನೆಯವನಿಗೂ ಕೇಳಬೇಕಾದ ಕ್ರಾಂತಿಗೀತೆಗೆ ಎದೆ ತುಂಬಿದ ದನಿ ಬೇಕಿತ್ತು; ಒಬ್ಬನ ಕಿವಿಯಲ್ಲಿ ಪಿಸುಗುಡಲು ಯಂತ್ರ ಬೇಕು. ಲಿ ಗೂಯಿ ಎಂಬ ಗಾಯಕಿ ತವರಿನ ಒಲವನ್ನು ಕುರಿತ ‘ಷಿಯಾಂಗ್‌ಲಿಯಾನ್’ ಹಾಡನ್ನು ಹೀಗೆ ಹಾಡಿದ್ದಕ್ಕೆ, ಅದರಲ್ಲಿ ಪ್ರೇಮದ ಪೋಲಿತನವೇನೂ ಇಲ್ಲದಿದ್ದರೂ, ‘ಮಿಮಿ ಜಿ ಯಿನ್’ ಎನ್ನಿಸಿಕೊಂಡರು. 1983ರ ವಸಂತೋತ್ಸವದ (ಚೀನೀ ಹೊಸ ವರ್ಷದ) ಮುನ್ನಾದಿನ ರಾಷ್ಟ್ರೀಯ ದೂರದರ್ಶನದ ನೇರ ಪ್ರಸಾರಕ್ಕೆ ಜನ ಫೋನ್ ಮಾಡಿ ಮಾಡಿ ಕೇಳಿದ್ದು ಅದೇ ಹಾಡನ್ನು. ಸ್ಥಳದಲ್ಲೇ ಇದ್ದ ಮಂತ್ರಿ ಹಿಂಜರಿದು ಹಿಂಜರಿದು ಕೊನೆಗೆ ಒಪ್ಪಿದರು. ಅದೇ ವರ್ಷದ ಕೊನೆಯಲ್ಲಿ ‘ಆಧ್ಯಾತ್ಮಿಕ ಮಾಲಿನ್ಯ’ದ (ಪಾಶ್ಚಾತ್ಯ ಪ್ರಭಾವಕ್ಕೆ ಪಕ್ಷವಿಟ್ಟ ಹೆಸರು) ವಿರುದ್ಧ ಅಭಿಯಾನ ಬಂತು, ಕೆಲವೇ ವಾರಗಳಲ್ಲಿ ತಣ್ಣಗಾಯಿತು.

ಈಗ ಈ ನುಡಿಗಟ್ಟಿನ ಹಲ್ಲು ಉದುರಿದೆ. ಅಷ್ಟಕ್ಕೂ ಚೀನೀಯರು ಒಂದು ಹಾಡು ದೇಶವಿಡೀ ಜನಪ್ರಿಯವಾಯಿತು ಎನ್ನಲು ‘ಫೆಂಗ್‌ಮಿ’ ಎನ್ನುತ್ತಾರೆ. ‘ಫೆಂಗ್’ ಎಂದರೆ ಗಾಳಿ. ‘ಮಿ’ ಅದೇ ‘ಮಿ’, ಹುಲ್ಲು ಒರಗುವ ‘ಮಿ’.