ಕಟ್ಟೆ ಎಷ್ಟಾಯ್ತು ಎಂದು ಕೇಳುವವರ ಚಾನೆಲ್

ಜೂನ್ ಬಂತೆಂದರೆ ನನ್ನ ಫೋನು ಬೆಳಗ್ಗೆ ಆರೂವರೆಗೇ ಹೊಡೆದುಕೊಳ್ಳಲು ಶುರು ಮಾಡುತ್ತದೆ. ಆ ಕಡೆಯಿಂದ ಬರುವುದು ಒಂದೇ ಪ್ರಶ್ನೆ. "ಅಣ್ಣ, ಕಟ್ಟೆ ಯೇಟಾಯ್ತು?"

ಕಟ್ಟೆ ಅಂದರೆ ಮಂಡ್ಯದವರಿಗೆ ಕನ್ನಂಬಾಡಿ ಕಟ್ಟೆ, ಕೆಆರ್‌ಎಸ್ ಅಣೆಕಟ್ಟು. ಕೇಳುವುದು ಅದರ ನೀರಿನ ಮಟ್ಟ. ಕೇಳುವವರ ಜೇಬಿನಲ್ಲೂ ಮೊಬೈಲ್ ಇದೆ, ಅದರಲ್ಲಿ ನೆಟ್ ಇದೆ. ಆದರೂ ಒಂದು ಲೋಕಲ್ ಕೇಬಲ್ ಚಾನೆಲ್‌ಗೆ ಫೋನ್ ಮಾಡಿ ಕೇಳುತ್ತಾರೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು 1996ರಲ್ಲಿ ಕಂಬ ಹತ್ತಿ ವೈರ್ ಎಳೆಯುವ ಹುಡುಗನಾಗಿ ಈ ಕೆಲಸಕ್ಕೆ ಸೇರಿದವನು. ಆಮೇಲೆ ಕಂಟ್ರೋಲ್ ರೂಮ್, ಆಮೇಲೆ ಕ್ಯಾಮೆರಾ, ಈಗ ಚಾನೆಲ್ ನಡೆಸುವ ಹೊಣೆ.

1991ರಲ್ಲಿ ಗಲ್ಫ್ ಯುದ್ಧವನ್ನು ಸಿಎನ್‌ಎನ್ ನೇರವಾಗಿ ತೋರಿಸಿದಾಗ ದೊಡ್ಡ ಊರುಗಳಲ್ಲಿ ಡಿಶ್ ಆಂಟೆನಾಗಳು ಎದ್ದವು. ಅದೇ ವರ್ಷ ಸ್ಟಾರ್ ಬಂತು, 1992ರ ಅಕ್ಟೋಬರ್‌ನಲ್ಲಿ ಝೀ ಬಂತು. ನಮ್ಮ ಕಡೆ ಕೇಬಲ್ ಮನೆಮನೆಗೆ ಹೊಕ್ಕಿದ್ದು ಮಾತ್ರ 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ. ದೂರದರ್ಶನದ ಆಚೆಗೂ ಕನ್ನಡ ನೋಡಲು ಸಿಗುತ್ತದೆ ಅಂದಾಗ ಹಳ್ಳಿಯವರೂ ವೈರ್ ಹಾಕಿಸಿಕೊಂಡರು.

ಆಗಿನ ಕಂಟ್ರೋಲ್ ರೂಮ್ ಅಂದರೆ ತಾರಸಿ ಮೇಲಿನ ಒಂದು ಸಣ್ಣ ಕೋಣೆ. ಹೊರಗೆ ಡಿಶ್‌ಗಳು. ಒಳಗೆ ಒಂದೊಂದು ಚಾನೆಲ್‌ಗೂ ಒಂದು ರಿಸೀವರ್, ಒಂದು ಮಾಡ್ಯುಲೇಟರ್. ಮಾಡ್ಯುಲೇಟರ್ ಅನ್ನುವ ಪೆಟ್ಟಿಗೆ ಚಿತ್ರವನ್ನೂ ಧ್ವನಿಯನ್ನೂ ಒಂದು ಗೊತ್ತಾದ ಫ್ರೀಕ್ವೆನ್ಸಿ ಮೇಲೆ ಕೂರಿಸುತ್ತದೆ. ಎಲ್ಲ ಪೆಟ್ಟಿಗೆಗಳ ಸಿಗ್ನಲ್ ಒಂದೇ ವೈರ್‌ಗೆ ಸೇರಿ ಊರೊಳಗೆ ಹೋಗುತ್ತದೆ. ದೂರ ಹೋದಂತೆ ಸಿಗ್ನಲ್ ಸೊರಗುತ್ತದೆ, ಅದಕ್ಕೆ ಅಲ್ಲಲ್ಲಿ ಆಂಪ್ಲಿಫೈಯರ್ ಬೇಕು. ಆಂಪ್ಲಿಫೈಯರ್ ಇರುವ ಬೀದಿಯಲ್ಲಿ ಕರೆಂಟ್ ಹೋದರೆ ಮುಂದಿನ ಬೀದಿಯಲ್ಲಿ ಕರೆಂಟ್ ಇದ್ದರೂ ಟಿವಿ ತುಂಬ ಚುಕ್ಕಿ.

ಈಗ ಇನ್ನೊಂದು ಮಾಡ್ಯುಲೇಟರ್ ತಂದು, ರಿಸೀವರ್ ಬದಲು ಅದಕ್ಕೊಂದು ವಿಸಿಆರ್, ಅಂದರೆ ವಿಡಿಯೋ ಕ್ಯಾಸೆಟ್ ಓಡಿಸುವ ಪೆಟ್ಟಿಗೆ, ಜೋಡಿಸಿದರೆ ಅದೇ ಲೋಕಲ್ ಚಾನೆಲ್. ಅಷ್ಟೇ ಬೇಕಾಗಿದ್ದದ್ದು. 1995ರ ಕೇಬಲ್ ಕಾಯ್ದೆ ಪ್ರಕಾರ ಕೇಬಲ್ ಆಪರೇಟರ್ ನೋಂದಣಿ ಮಾಡಿಸಬೇಕಿದ್ದದ್ದು ಹೆಡ್ ಪೋಸ್ಟ್ ಆಫೀಸಿನಲ್ಲಿ. ನಮ್ಮ ಸೀಮೆಯಲ್ಲಿ ಪ್ರಸಾರ ಅನ್ನುವುದು ಹುಟ್ಟಿದ್ದೂ ಹೀಗೆ ಚಿಕ್ಕದಾಗಿಯೇ ಅಲ್ವಾ? ಪಕ್ಕದ ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ರೇಡಿಯೋ ಶುರು ಮಾಡಿದ್ದರು. ಅದರ ಹೆಸರು 'ಆಕಾಶವಾಣಿ'. ಮುಂದೆ ದೇಶದ ರೇಡಿಯೋಗೇ ಆ ಹೆಸರಾಯಿತು. ತಾರಸಿಯ ಕೋಣೆಯಲ್ಲಿ ಕೂತಾಗ ನನಗೆ ಆ ಮನೆ ನೆನಪಾಗುತ್ತಿತ್ತು.

ಮೊದಲ ವರ್ಷಗಳಲ್ಲಿ ಲೋಕಲ್ ಚಾನೆಲ್ ಅಂದರೆ ಸಿನಿಮಾ. ಬಾಡಿಗೆ ಕ್ಯಾಸೆಟ್ ತರುವುದು, ಹಾಕುವುದು. ಆ ಕ್ಯಾಸೆಟ್ ಇದ್ದದ್ದು ಮನೆಯಲ್ಲಿ ನೋಡುವುದಕ್ಕೆ. ಅದನ್ನು ಊರಿಗೆಲ್ಲ ತೋರಿಸುವ ಹಕ್ಕು ನಮಗಿರಲಿಲ್ಲ. ಅದು ತಪ್ಪು, ಮತ್ತು ಆ ತಪ್ಪನ್ನು ನಾವೂ ಮಾಡಿದ್ದೇವೆ. ಸಿನಿಮಾದವರು ಕೇಸು ಹಾಕುತ್ತೇವೆ ಎಂದು ನಿಂತಾಗ, ದೊಡ್ಡ ಚಾನೆಲ್‌ಗಳು ಹಕ್ಕು ಕೊಂಡುಕೊಂಡಾಗ, ನಮ್ಮ ಚಾನೆಲ್‌ನಲ್ಲಿ ಹಾಕಲು ಏನೂ ಉಳಿಯಲಿಲ್ಲ. ಚಾನೆಲ್ ನಿಜವಾಗಿ ಹುಟ್ಟಿದ್ದು ಆಗ ಅಂತ ನಾನು ಹೇಳುತ್ತೇನೆ. ಪರದೆ ಖಾಲಿ ಬಿಡಬಾರದು ಅಂತ ಒಂದು ಸ್ಕ್ರೋಲ್ ಓಡಿಸಿದೆವು. ಹುಟ್ಟುಹಬ್ಬ, ಶ್ರದ್ಧಾಂಜಲಿ, ನಲ್ಲಿ ನೀರು ಬರುವ ಹೊತ್ತು, ಕಾಣೆಯಾದವರ ಫೋಟೋ. ಜೊತೆಗೆ ಕಟ್ಟೆಯ ಮಟ್ಟ.

ಕಟ್ಟೆಯ ಮಟ್ಟದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೆಆರ್‌ಎಸ್ ತುಂಬಿದರೆ 124.80 ಅಡಿ, ಸುಮಾರು 49.45 ಟಿಎಂಸಿ ನೀರು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹೊರಗಿನವರಿಗೆ ಇದು ಬರೀ ಅಂಕಿ. ನಾಲೆ ಕೆಳಗಿನ ರೈತನಿಗೆ ಇದು ಭತ್ತದ ಒಟ್ಟಲು, ಅಂದರೆ ಸಸಿಮಡಿ, ಹಾಕಬೇಕೋ ಬೇಡವೋ ಅನ್ನುವ ತೀರ್ಮಾನ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಬಿಟ್ಟರೂ ಸತತವಾಗಿ ಬಿಡುತ್ತಾರೋ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೋ, ಎಲ್ಲವೂ ಆ ಅಂಕಿಯ ಮೇಲೆ ನಿಂತಿದೆ. ಅದರಲ್ಲೂ ಒಂದು ಸೂಕ್ಷ್ಮ ಇದೆ. 80 ಅಡಿಯಿಂದ 81ಕ್ಕೆ ಏರುವುದೂ 123ರಿಂದ 124ಕ್ಕೆ ಏರುವುದೂ ಒಂದೇ ಅಲ್ಲ. ಮೇಲೆ ಹೋದಂತೆ ನೀರು ನಿಲ್ಲುವ ಜಾಗ ಅಗಲವಾಗುತ್ತದೆ, ಒಂದೊಂದು ಅಡಿಗೂ ಹಿಡಿಯುವ ನೀರು ಜಾಸ್ತಿ. ಅದಕ್ಕೇ ನಾವು ಅಡಿಯ ಜೊತೆ ಟಿಎಂಸಿ, ಒಳಹರಿವು, ಹೊರಹರಿವು ಎಲ್ಲ ಹಾಕುತ್ತೇವೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಈ ಲೆಕ್ಕ ನಮ್ಮ ಕಡೆಯ ಎಷ್ಟೋ ಅಜ್ಜಂದಿರಿಗೆ ಬಾಯಲ್ಲೇ ಇದೆ.

ಒಂದು ಮಳೆಗಾಲ ನನ್ನ ಕೈಯಿಂದ ತಪ್ಪಾಯಿತು. ಟೈಪ್ ಮಾಡುವಾಗ 101 ಅಡಿ ಅನ್ನುವುದು 110 ಆಯಿತು. ಮಧ್ಯಾಹ್ನದವರೆಗೆ ಹಾಗೇ ಓಡಿತು. ಸಂಜೆ ಒಬ್ಬರು ಹಿರಿಯರು ಸೈಕಲ್ ತುಳಿದುಕೊಂಡು ಕಂಟ್ರೋಲ್ ರೂಮಿಗೆ ಬಂದರು. ಬೈಯಲಿಲ್ಲ. "ನಿಮ್ಮ ಟಿವೀಲಿ ಬಂದದ್ದು ನಂಬಿ ಬಿತ್ತನೆ ಬತ್ತಕ್ಕೆ ದುಡ್ಡು ಕೊಟ್ಟು ಬಂದೆ ಕಣಪ್ಪ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಅಂದಿನಿಂದ ಮಟ್ಟವನ್ನು ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ಗಟ್ಟಿಯಾಗಿ ಓದುತ್ತಾರೆ, ನಿನ್ನೆಯ ಅಂಕಿಯ ಪಕ್ಕ ಇಟ್ಟು ನೋಡುತ್ತಾರೆ. ಆಮೇಲೆಯೇ ಪರದೆಗೆ.

ಚಾನೆಲ್‌ನ ಇನ್ನೊಂದು ಕಾಲು ನಾಟಕ. ಬೇಸಾಯದ ಕೆಲಸ ಕಡಿಮೆಯಾಗಿ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕದ ತಾಲೀಮು ಶುರುವಾಗುತ್ತದೆ. ರೈತರು, ಮೇಷ್ಟ್ರು, ಬಸ್ ಡ್ರೈವರ್, ಡೈರಿ ಸೆಕ್ರೆಟರಿ, ಎಲ್ಲರೂ ಪಾತ್ರಧಾರಿಗಳು. ಅವರಿಗೆ ದುಡ್ಡು ಸಿಗುವುದಿಲ್ಲ, ಅವರೇ ದುಡ್ಡು ಹಾಕುತ್ತಾರೆ. ಕೃಷ್ಣ, ದುರ್ಯೋಧನನಂಥ ಪಾತ್ರಕ್ಕೆ ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಒಂದೊಂದು ಪದ್ಯವನ್ನೂ ಗಂಟಲಿಗೆ ಕೂರಿಸುತ್ತಾರೆ. ಇಷ್ಟು ಶ್ರಮದ ನಾಟಕ ಒಂದು ರಾತ್ರಿಗೆ ಮುಗಿದುಹೋಗುತ್ತಿತ್ತು. ಅದನ್ನು ಪೂರ್ತಿ ತೆಗೆದು, ಪೂರ್ತಿ ಹಾಕಲು ನಾವು ಮುಂದಾದೆವು.

ಪೂರ್ತಿ ಅನ್ನುವ ಮಾತಿನಲ್ಲೇ ಕಷ್ಟ ಇತ್ತು. ಆಗ ನಮ್ಮದು ಮಿನಿ ಡಿವಿ ಕ್ಯಾಮೆರಾ. ಒಂದು ಟೇಪು ಒಂದು ಗಂಟೆ. ಬೆಳಗಿನವರೆಗಿನ ನಾಟಕಕ್ಕೆ ಏಳೆಂಟು ಟೇಪು. ಟೇಪು ಬದಲಿಸುವ ಅರ್ಧ ನಿಮಿಷದಲ್ಲಿ ಯಾರದೋ ಪದ್ಯ ಹೋಗಿಬಿಡುತ್ತಿತ್ತು. ಒಂದೇ ಪದ್ಯಕ್ಕೆ ಮೂರು ತಿಂಗಳು ಕಲಿತವನಿಗೆ ಅದು ಸಣ್ಣ ನಷ್ಟವಲ್ಲ. ಕೊನೆಗೆ ಎರಡು ಕ್ಯಾಮೆರಾ ಇಟ್ಟೆವು. ಎರಡನೆಯದನ್ನು ಅರ್ಧ ಗಂಟೆ ತಡವಾಗಿ ಶುರು ಮಾಡಿದೆವು. ಒಂದರ ಟೇಪು ಮುಗಿಯುವಾಗ ಇನ್ನೊಂದು ಓಡುತ್ತಿರುತ್ತದೆ. ಆ ಮೇಲೆ ಒಂದು ಪದ್ಯವೂ ತಪ್ಪಲಿಲ್ಲ. ಮಾರನೇ ವಾರ ಪ್ರಸಾರವಾಗುವಾಗ ಇಡೀ ಊರು ಟಿವಿ ಮುಂದೆ.

ನಡುವೆ ನಾವು ದಾರಿ ತಪ್ಪಿದ ಕಾಲವೂ ಉಂಟು. ಕನ್ನಡದಲ್ಲಿ 24 ಗಂಟೆಯ ಸುದ್ದಿ ಚಾನೆಲ್‌ಗಳು ಒಂದರ ಹಿಂದೆ ಒಂದು ಬಂದವು. 2006ರಲ್ಲಿ ಟಿವಿ9, 2012ರಲ್ಲಿ ಪಬ್ಲಿಕ್ ಟಿವಿ. ನಾವೂ ಹಾಗೇ ಆಗಬೇಕು ಅನ್ನಿಸಿತು. ಕೋಟು ಹಾಕಿದ ನಿರೂಪಕರು, ಕೆಂಪು ಪಟ್ಟಿ, ನಾಲ್ಕು ಜನರ ಚರ್ಚೆ. ನಾಟಕ ಕಡಿಮೆ ಮಾಡಿದೆವು. ಜನ ನಮ್ಮನ್ನು ಬಿಟ್ಟು ಅವರನ್ನೇ ನೋಡಿದರು. ಅವರಂತೆ ಮಾಡಲು ಹೋದರೆ ಅವರಷ್ಟು ಚೆನ್ನಾಗಿ ಮಾಡಲು ನಮ್ಮಿಂದ ಆಗುವುದಿಲ್ಲ. ನಾವು ಮಾಡುತ್ತಿದ್ದದ್ದನ್ನು ಅವರು ಮಾಡುವುದಿಲ್ಲ. ಇದು ಗೊತ್ತಾಗಲು ನಮಗೆ ಎರಡು ವರ್ಷ ಬೇಕಾಯಿತು.

ಅಷ್ಟರಲ್ಲಿ ಡಿಜಿಟಲ್ ಬಂತು. ಕೇಬಲ್ ಎಲ್ಲ ಹಂತ ಹಂತವಾಗಿ ಡಿಜಿಟಲ್ ಆಗಬೇಕು ಅಂತ ಸರ್ಕಾರ ಗಡುವು ಇಟ್ಟಿತು. ಮೈಸೂರು ಎರಡನೇ ಹಂತದಲ್ಲಿತ್ತು, ಗಡುವು 2013ರ ಮಾರ್ಚ್ 31. ಮಂಡ್ಯ ಮೂರನೇ ಹಂತ, 2015ರ ಡಿಸೆಂಬರ್ 31 ಅಂದರು, ಆಮೇಲೆ ಅದು ಮುಂದಕ್ಕೂ ಹೋಯಿತು. ಡಿಜಿಟಲ್‌ನಿಂದ ನೋಡುವವರಿಗೆ ಒಳ್ಳೆಯದೇ ಆಯಿತು. ಮೊದಲು ಒಂದು ಚಾನೆಲ್ ಕೂರುತ್ತಿದ್ದ ಜಾಗದಲ್ಲಿ ಈಗ ಹತ್ತಕ್ಕೂ ಹೆಚ್ಚು ಕೂರುತ್ತವೆ. ಚುಕ್ಕಿ ಇಲ್ಲ, ಗೆರೆ ಇಲ್ಲ. ಆದರೆ ಸಿಗ್ನಲ್‌ಗೆ ಬೀಗ ಬಿತ್ತು. ಆ ಬೀಗ ತೆಗೆಯುವುದು ಮನೆಯ ಸೆಟ್ ಟಾಪ್ ಬಾಕ್ಸ್, ಬೀಗದ ಕೈ ಇರುವುದು ದೊಡ್ಡ ಕೇಬಲ್ ಕಂಪನಿಯ ಹೆಡ್‌ಎಂಡ್‌ನಲ್ಲಿ, ಅಂದರೆ ಸಿಗ್ನಲ್ ಹೊರಡುವ ಮುಖ್ಯ ಕೇಂದ್ರದಲ್ಲಿ. ನಮ್ಮ ತಾರಸಿಯಲ್ಲಿ ಕೂತು ಮಾಡ್ಯುಲೇಟರ್ ಜೋಡಿಸುವ ಕಾಲ ಮುಗಿಯಿತು. ನಮ್ಮ ಚಾನೆಲ್ ಈಗ ನಮ್ಮ ಊರಿಂದ ಹೆಡ್‌ಎಂಡ್‌ಗೆ ಹೋಗಿ, ಮತ್ತೆ ನಮ್ಮ ಊರಿಗೇ ಬರಬೇಕು. ಅದಕ್ಕೆ ದುಡ್ಡು ಕಟ್ಟಬೇಕು. ರಿಮೋಟ್‌ನಲ್ಲಿ ಒಂದಂಕಿ ಒತ್ತಿದರೆ ಸಿಗುತ್ತಿದ್ದ ನಾವು ಮೂರಂಕಿಯ ಸಂಖ್ಯೆಗಳ ನಡುವೆ ಎಲ್ಲೋ ಹೋದೆವು. ವಯಸ್ಸಾದವರ ಮನೆಗೆ ಹೋಗಿ, ಹೊಸ ನಂಬರನ್ನು ಚೀಟಿಯಲ್ಲಿ ಬರೆದು ಟಿವಿ ಪಕ್ಕ ಅಂಟಿಸಿ ಬಂದ ದಿನಗಳಿವೆ.

2016ರ ಸೆಪ್ಟೆಂಬರ್ 5 ನನ್ನ ಮಟ್ಟಿಗೆ ದೊಡ್ಡ ದಿನ. ಅವತ್ತೇ ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಹತ್ತು ದಿನ, ದಿನಕ್ಕೆ 15,000 ಕ್ಯೂಸೆಕ್ ಕಾವೇರಿ ನೀರು ಬಿಡಿ ಅಂತ ಆದೇಶ ಮಾಡಿತು. ಅವತ್ತೇ ಜಿಯೋ ಮೊಬೈಲ್ ನೆಟ್ ಶುರುವಾಯಿತು. ಮಂಡ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಪ್ರತಿಮೆ ಎದುರು ಜನ ಕೂತರು, ಹೆದ್ದಾರಿ ನಿಂತಿತು. ಸೆಪ್ಟೆಂಬರ್ 9ಕ್ಕೆ ಕರ್ನಾಟಕ ಬಂದ್. ದೊಡ್ಡ ಚಾನೆಲ್‌ಗಳಲ್ಲಿ ಉರಿಯುವ ಟೈರು ಕಾಣುತ್ತಿತ್ತು. ನಮ್ಮವರಿಗೆ ಬೇಕಾಗಿದ್ದದ್ದು ಬೇರೆ. ಯಾವ ರಸ್ತೆ ತೆರೆದಿದೆ, ನಾಳೆ ಶಾಲೆ ಇದೆಯಾ, ಹಾಲು ಬರುತ್ತಾ, ಕಟ್ಟೆ ಎಷ್ಟು ಇಳಿಯಿತು. ನಾವು ಮೂರು ಜನ ಅದನ್ನಷ್ಟೇ ಹೇಳುತ್ತಾ ಹೋದೆವು. ನಮ್ಮ ಕ್ಯಾಮೆರಾ ಹುಡುಗ ಸುಮ್ನೆ ತನ್ನ ಮೊಬೈಲಿನಲ್ಲಿ ಫೇಸ್‌ಬುಕ್ ಲೈವ್ ಹಾಕಿದ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಂಡ್ಯದ ಮಕ್ಕಳೆಲ್ಲ ಅದಕ್ಕೆ ಬಂದರು. "ಅಪ್ಪ ಅಲ್ಲಿ ಧರಣೀಲಿ ಕೂತವ್ರೆ, ಆ ಕಡೆ ತಿರುಗ್ಸಿ" ಅಂತ ಒಬ್ಬರು ಬರೆದರು. ತಿರುಗಿಸಿದೆವು. ನಮ್ಮ ನೋಡುಗರು ವೈರ್ ಇರುವ ಕಡೆ ಮಾತ್ರ ಇಲ್ಲ, ಊರು ಬಿಟ್ಟು ಹೋದ ಕಡೆಯೆಲ್ಲ ಇದ್ದಾರೆ ಅಂತ ನನಗೆ ಗೊತ್ತಾದದ್ದು ಆ ಗಳಿಗೆ.

ಆಮೇಲಿನ ಹೊಡೆತಗಳನ್ನು ಬೇಗ ಹೇಳಿಬಿಡುತ್ತೇನೆ. 2019ರ ಫೆಬ್ರವರಿ 1ರಿಂದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಹೊಸ ದರ ಪದ್ಧತಿ ಬಂತು. ಮೊದಲ 100 ಚಾನೆಲ್‌ಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಬೇಕಾದ ಪೇ ಚಾನೆಲ್‌ಗೆಲ್ಲ ಬೇರೆ ದುಡ್ಡು. ಕೆಲವರು ಬಾಕ್ಸ್ ಬಿಚ್ಚಿ ಅಟ್ಟಕ್ಕೆ ಹಾಕಿದರು. 2022ರ ನವೆಂಬರ್ 30ರಂದು ಕೇಂದ್ರ ಸರ್ಕಾರ ಕೇಬಲ್ ಕಂಪನಿಗಳ ಇಂಥ ಸ್ವಂತ ಚಾನೆಲ್‌ಗಳಿಗೆ ನಿಯಮ ತಂದಿತು. ಒಂದೊಂದು ಚಾನೆಲ್‌ಗೂ 1,000 ರೂಪಾಯಿಯ ನೋಂದಣಿ, ಪರದೆಯ ಮೇಲೆ 'ಪ್ಲಾಟ್‌ಫಾರ್ಮ್ ಸರ್ವಿಸಸ್' ಎಂಬ ಬರಹ, ಪ್ರಸಾರವಾದದ್ದನ್ನು 90 ದಿನ ಇಟ್ಟುಕೊಳ್ಳುವುದು. ಒಂದು ಜಾಲದ ಕಾರ್ಯಕ್ರಮವನ್ನು ಇನ್ನೊಂದು ಜಾಲದ ಜೊತೆ ಹಂಚಿಕೊಳ್ಳುವಂತಿಲ್ಲ, ದೇವಸ್ಥಾನದಂಥ ಕಡೆಯ ನೇರ ಪ್ರಸಾರ ಬಿಟ್ಟು. ನೋಂದಣಿ ಒಳ್ಳೆಯದೇ. ಹಂಚಿಕೊಳ್ಳಬಾರದು ಅನ್ನುವ ನಿಯಮ ಮಾತ್ರ ಸಣ್ಣ ಊರಿಗೆ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಬೀದಿಯಲ್ಲಿ ಎರಡು ಕೇಬಲ್ ಇರುತ್ತವೆ. ಊರಿನ ಸುದ್ದಿ ಎರಡು ಇರುವುದಿಲ್ಲ.

ಈಗ ನಮ್ಮ ಕೆಲಸ ನಡೆಯುವುದು ಹೀಗೆ. ಬೆಳಗ್ಗೆ ಕಟ್ಟೆಯ ಮಟ್ಟ ಮೊದಲು ವಾಟ್ಸಾಪ್‌ಗೆ, ಆಮೇಲೆ ಕೇಬಲ್‌ನ ಸ್ಕ್ರೋಲ್‌ಗೆ. ನಾಟಕ ಕೇಬಲ್‌ನಲ್ಲೂ ಯೂಟ್ಯೂಬ್‌ನಲ್ಲೂ ಪೂರ್ತಿ ಹೋಗುತ್ತದೆ. ನಡುವೆ ಸಿನಿಮಾ ಹಾಡು ಹಾಕಿದ್ದರೆ ಯೂಟ್ಯೂಬ್ ಹಕ್ಕಿನ ತಕರಾರು ತೆಗೆಯುತ್ತದೆ, ಆ ಭಾಗದ ಧ್ವನಿ ತೆಗೆದುಬಿಡುತ್ತೇವೆ. ಚಿಕ್ಕ ತುಣುಕು ಮಾಡಿ ಹಾಕಿ, ಜಾಸ್ತಿ ಜನ ನೋಡುತ್ತಾರೆ ಅಂತ ಹುಡುಗರು ಹೇಳುತ್ತಾರೆ. ತುಣುಕೂ ಹಾಕುತ್ತೇವೆ. ಆದರೆ ಪೂರ್ತಿ ನಾಟಕ ಇಟ್ಟೇ ತೀರಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಸೈನಿಕನ ಪಾತ್ರ ಮಾಡಿದವನ ಎರಡು ಮಾತು ತುಣುಕಿನಲ್ಲಿ ಬರುವುದಿಲ್ಲ. ಅವನ ಮನೆಯವರು ಕಾಯುವುದು ಅದಕ್ಕೇ.

ಈಗ ನನ್ನನ್ನು ಕಾಡುತ್ತಿರುವುದು ಹಳೆಯ ಟೇಪುಗಳು. ಎರಡು ಬೀರು ತುಂಬ ಇವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಬೂಷ್ಟು ಹಿಡಿದ ಟೇಪನ್ನು ಹಾಗೇ ಹಾಕಿದರೆ ಪ್ಲೇಯರ್‌ನ ಹೆಡ್ ಹಾಳಾಗುತ್ತದೆ, ಅದರಿಂದ ಮುಂದಿನ ಟೇಪಿಗೂ ಅಂಟುತ್ತದೆ. ಮೊದಲು ಒಣಗಿಸಿ, ಒರೆಸಿ, ಒಂದು ಸಲ ಪೂರ್ತಿ ಸುತ್ತಿ ಆಮೇಲೆ ಹಾಕಬೇಕು. ಕೆಲಸ ಮಾಡುವ ಪ್ಲೇಯರ್ ನಮ್ಮಲ್ಲಿ ಒಂದೇ ಉಳಿದಿದೆ, ಬಿಡಿಭಾಗ ಸಿಗುವುದಿಲ್ಲ. ನಿಮ್ಮ ಮನೆಯಲ್ಲೂ ಮದುವೆಯ, ನಾಟಕದ ಟೇಪು ಇದ್ದರೆ ಅಟ್ಟದಿಂದ ಇಳಿಸಿ, ತಂಪಾದ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಮುಂದಿನ ಮಳೆಗಾಲದೊಳಗೆ ಕಂಪ್ಯೂಟರ್‌ಗೆ ಹಾಕಿಸಿ. ಇದನ್ನು ಬೇಗ ಓಡಿಸಿ ಮುಗಿಸಲು ಆಗುವುದಿಲ್ಲ, ಎಂಟು ಗಂಟೆಯ ನಾಟಕಕ್ಕೆ ಎಂಟು ಗಂಟೆಯೇ ಬೇಕು. ಈ ವಾರ 2003ರ ಒಂದು ಕುರುಕ್ಷೇತ್ರ ಓಡುತ್ತಿದೆ. ಐದನೇ ಟೇಪಿನಲ್ಲಿದ್ದೇವೆ. ಅವತ್ತಿನ ಕೃಷ್ಣ ಈಗಿಲ್ಲ. ಅವರ ಮಗ ದಿನಾ ಸಂಜೆ ಕೆಲಸ ಮುಗಿಸಿ ಬಂದು, ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ.